ಬೂದಿಗುಡ್ಡದ ಅಳಿಯ

"ಯಾರನ್ನ ಕೇಳಿ ಮಾಡಿದೆ ಇದನ್ನ? ಬಾಯಿ ಬಿಡು! ಯಾರನ್ನ ಕೇಳಿ?"

"ಬಚ್ಚಲ ಹಿಂದಿನ ಮೂರಡಿ ಜಾಗಕ್ಕೂ ನಿಮ್ಮ ಅಪ್ಪಣೆ ಬೇಕಾ?"

"ಬೀಜ ನಂದು!"

"ಹೊಳೆದಂಡೆ ಹುಲ್ಲಿನ ಬೀಜ. ನೀವೇನು ಹೆತ್ತಿದ್ದಲ್ಲ."

ಅವನ ಕೈಯಲ್ಲಿ ಜರಡಿ ಇತ್ತು. ಅದನ್ನು ಹುಡುಕಿಕೊಂಡೇ ಅವನು ಬಚ್ಚಲ ಹಿಂದಕ್ಕೆ ಬಂದದ್ದು. ಮದುವೆಯಾದಾಗಿನಿಂದ ಆ ಮೂಲೆಗೆ ಕಾಲಿಟ್ಟವನಲ್ಲ. ಅದು ಹೆಂಡತಿಯ ಮೂಲೆ, ಬಟ್ಟೆ ಒಗೆಯುವ ಕಲ್ಲು, ಬೂದಿ ಡಬ್ಬಿ, ಹರಿದ ಪೊರಕೆಗಳ ರಾಜ್ಯ. ಬಂದವನು ಜರಡಿಯನ್ನು ಎತ್ತಿಕೊಂಡು ತಿರುಗಿದರೆ, ಕಲ್ಲಿನ ಪಕ್ಕದಲ್ಲಿ ಬಟ್ಟೆ ನೆನೆಸುವ ಹಳೆಯ ಟಬ್ಬು. ಅದರ ತುಂಬ ಹುಲ್ಲು. ಗಿಡ್ಡ ಹುಲ್ಲು, ಆದರೆ ಬುಡದಿಂದ ತುದಿಯವರೆಗೆ ಹಸಿರು. ಒಂದು ಎಳೆಯೂ ಹಳದಿಯಾಗಿರಲಿಲ್ಲ.

ಅವನಿಗೆ ಉರಿದುಹೋಗಿದ್ದು ಅದಕ್ಕೇ. ಹಿಂದಿನ ದಿನವಷ್ಟೇ ಅವನು ಗುಡ್ಡ ಹತ್ತಿ ನೋಡಿ ಬಂದಿದ್ದ. ಈ ಸಲ ನೆಟ್ಟ ಸಸಿಗಳೂ ಹಳದಿ ತಿರುಗಿ ಮಲಗಿದ್ದವು. ನಾಳೆ ಬೆಳಗಾದರೆ ನಗರಸಭೆಯ ಮೇಡಂ ನೋಡಲು ಬರುವವರಿದ್ದರು.

ಗುಡ್ಡ ಅಂದರೆ ದೇವರು ಮಾಡಿದ ಗುಡ್ಡವಲ್ಲ. ಗಣಿಯ ಕಲ್ಲನ್ನು ಅರೆದು, ಬೇಕಾದ ಲೋಹ ಸೋಸಿಕೊಂಡು, ಉಳಿದದ್ದನ್ನು ತಂದು ಸುರಿದ ರಾಶಿ ಅದು. ಹಿಟ್ಟಿನಷ್ಟು ನುಣುಪು, ಬೂದಿಯ ಬಣ್ಣ. ಜನ ಬೂದಿಗುಡ್ಡ ಅಂತಲೇ ಕರೆಯುತ್ತಿದ್ದರು. ಕಾರ್ಖಾನೆ ಮುಚ್ಚಿ, ಯಂತ್ರಗಳನ್ನು ಗುಜರಿಗೆ ಹಾಕಿ, ಸಾಹೇಬರೆಲ್ಲ ಗಂಟುಮೂಟೆ ಕಟ್ಟಿದರೂ ಗುಡ್ಡ ಮಾತ್ರ ಎಲ್ಲಿಗೂ ಹೋಗಲಿಲ್ಲ. ಗಾಳಿ ಬೀಸಿದರೆ ಕೆಳಗಿನ ಕಾರ್ಮಿಕರ ಲೈನ್ ಮನೆಗಳ ಮೇಲೆ ಬಂದು ಕೂರುತ್ತಿತ್ತು. ಒಣಹಾಕಿದ ಬಟ್ಟೆಯ ಮಡಿಕೆಯಲ್ಲಿ, ನೀರಿನ ಕೊಡದ ಕಂಠದಲ್ಲಿ, ಕಿಟಕಿಯ ತಿರುಗಣಿಯಲ್ಲಿ, ಮಲಗಿದವರ ರೆಪ್ಪೆಯಲ್ಲಿ. ಕೊನೆಗೆ ನಗರಸಭೆಯವರಿಗೆ ಜ್ಞಾನೋದಯವಾಗಿ, ಗುಡ್ಡದ ಮೈಗೆ ಹುಲ್ಲು ಹೊದಿಸಿದರೆ ಧೂಳು ಏಳುವುದಿಲ್ಲ ಅಂತ ತೀರ್ಮಾನಿಸಿದರು. ಹುಲ್ಲು ಬೆಳೆಸುವ ಕೆಲಸ ಇವನಿಗೆ ಬಂತು. ಕಾರ್ಖಾನೆ ನಡೆಯುತ್ತಿದ್ದಾಗ ಇವನು ಅಲ್ಲಿಯ ಅತಿಥಿಗೃಹದ ಮಾಲಿ. ಹೆಂಡತಿಗೆ ಸಹಾಯಕಿಯ ಕೆಲಸ.

ಬೇರೆ ಯಾರೇ ಆಗಿದ್ದರೂ ಒಂದೆರಡು ಸಲ ಬೀಜ ಚೆಲ್ಲಿ, ಹುಟ್ಟಲಿಲ್ಲ ಅಂತ ಕೈ ತೊಳೆದುಕೊಳ್ಳುತ್ತಿದ್ದರು. ಇವನು ಹಟಮಾರಿ. ಇವನದ್ದೇ ಒಂದು ಪದ್ಧತಿ ಇತ್ತು. ಮೊದಲು ಟ್ರೇಗೆ ಒಳ್ಳೆಯ ಮಣ್ಣು, ಗೊಬ್ಬರ ತುಂಬಿ ಬೀಜ ಹಾಕುವುದು. ಮೊಳಕೆ ಬಂದ ಮೇಲೆ ಒಂದು ಹಿಡಿ ಗುಡ್ಡದ ಬೂದಿ ಬೆರೆಸುವುದು. ಸ್ವಲ್ಪ ದಿನ ಬಿಟ್ಟು ಇನ್ನೊಂದು ಹಿಡಿ. ಹೀಗೆ ಮೆಲ್ಲಗೆ ಏರಿಸುತ್ತಾ ಹೋಗಿ, ಸಸಿಗೆ ವಿಷ ರೂಢಿಯಾದ ಮೇಲೆ ಗುಡ್ಡಕ್ಕೆ ಹೊತ್ತುಕೊಂಡು ಹೋಗಿ ನೆಡುವುದು. "ಒಗ್ಗಿಸಬೇಕು. ಮಕ್ಕಳನ್ನ ಹೇಗೆ ಒಗ್ಗಿಸ್ತೀವೋ ಹಾಗೆ" ಅನ್ನುತ್ತಿದ್ದ, ಕೇಳಿದವರಿಗೂ ಕೇಳದವರಿಗೂ. ಸಸಿಗಳು ಟ್ರೇಯಲ್ಲಿ ಚೆನ್ನಾಗಿಯೇ ನಗುತ್ತಿದ್ದವು. ಗುಡ್ಡಕ್ಕೆ ಹೋದ ಮೇಲೆ ಸಾಯುತ್ತಿದ್ದವು. ಅವನು ಮತ್ತೆ ಒಂದು ಹಿಡಿಯಿಂದ ಶುರು ಮಾಡುತ್ತಿದ್ದ. ವರ್ಷವಿಡೀ ಬುಟ್ಟಿ ಹೊತ್ತು ಹೋಗಿ ಬರಿಗೈಯಲ್ಲಿ ಇಳಿದು ಬರುವುದನ್ನು ನೋಡಿ ಬೀದಿಯವರು ಅವನಿಗೆ ಬೂದಿಗುಡ್ಡದ ಅಳಿಯ ಅಂತ ಹೆಸರಿಟ್ಟಿದ್ದರು. "ಏನು ಅಳಿಯಂದ್ರೇ, ಈ ಸಲಾನಾದ್ರೂ ಮಾವನ ಮನೇಲಿ ಮರ್ಯಾದೆ ಮಾಡಿದ್ರಾ?" ಅಂತ ಕೇಳುವರು. ಅವನು ಕಲ್ಲು ಎತ್ತಿಕೊಳ್ಳುವನು. ಅವರು ನಗುತ್ತಾ ಓಡುವರು.

ಈಗ ಆ ಅಳಿಯ ತನ್ನ ಬಚ್ಚಲ ಹಿಂದೆ ನಿಂತು ಹಸಿರು ಟಬ್ಬನ್ನು ನೋಡುತ್ತಿದ್ದ.

"ಗೊಬ್ಬರ ಹಾಕಿದೀಯಾ."

"ಇಲ್ಲ."

"ಕೆಳಗೆ ತೋಟದ ಮಣ್ಣು ತುಂಬಿ ಮೇಲೆ ಬೂದಿ ಉದುರಿಸಿದೀಯಾ. ನನ್ನ ಕಣ್ಣಿಗೇ ಮಣ್ಣೆರಚ್ತೀಯಾ?"

"ಕೈ ಹಾಕಿ ನೋಡಿ."

ಅವನು ಟಬ್ಬಿನ ಅಂಚಿನಲ್ಲಿ ಬೆರಳು ತೂರಿಸಿ ತಳದವರೆಗೆ ಬಗೆದ. ಹಿಡಿಯಷ್ಟು ತೆಗೆದು ಅಂಗೈಯಲ್ಲಿ ಉಜ್ಜಿದ. ತೋಟದ ಮಣ್ಣಾದರೆ ಉಂಡೆ ಕಟ್ಟುತ್ತದೆ, ಬೂದಿ ಕಟ್ಟುವುದಿಲ್ಲ. ಬೆರಳ ಸಂದಿಯಲ್ಲಿ ನುಣ್ಣಗೆ ಜಾರುತ್ತದೆ. ಜಾರಿತು. ತಳದವರೆಗೂ ಬೂದಿಯೇ. ಅದರೊಳಗೆ ಬಿಳಿಯ ಬೇರುಗಳು ನೂಲಿನ ಹಾಗೆ ಹರಡಿದ್ದವು. ಗುಡ್ಡದಲ್ಲಿ ಸತ್ತ ಸಸಿಗಳ ಬೇರು ಅವನಿಗೆ ಗೊತ್ತಿತ್ತು: ಕಂದುಗಟ್ಟಿ, ಮೊಂಡಾಗಿ, ಸುಟ್ಟ ಬತ್ತಿಯ ಹಾಗೆ. ಬಿಳಿಯ ಬೇರನ್ನು ಆ ಬೂದಿಯಲ್ಲಿ ಅವನು ಈ ಜನ್ಮದಲ್ಲಿ ನೋಡಿರಲಿಲ್ಲ.

ಸಂತೋಷವಾಗಬೇಕಿತ್ತು. ಆಗಲಿಲ್ಲ.

"ಹೇಗೆ ಒಗ್ಗಿಸಿದೆ?" ಅಂದ. ದನಿ ತಗ್ಗಿತ್ತು. "ಎಷ್ಟೆಷ್ಟು ಬೆರೆಸ್ತಾ ಬಂದೆ?"

"ನಾನು ಒಗ್ಗಿಸ್ಲಿಲ್ಲ."

"ಮತ್ತೆ ಆಕಾಶದಿಂದ ಇಳೀತಾ?"

ಅವಳು ಒಗೆಯುವ ಕಲ್ಲಿನ ಮೇಲೆ ಕೂತಳು. ಹೇಳಬೇಕಾದ್ದನ್ನು ಬಹಳ ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡವಳ ಹಾಗೆ, ಅವಸರವಿಲ್ಲದೆ ಹೇಳತೊಡಗಿದಳು.

"ಒಂದಿನ ನೀವು ಹೇಳಿದ ಹಾಗೆ ಬೆರೆಸಿ ಬೆರೆಸಿ ಸೊಂಟ ಬಿದ್ದೋಗಿತ್ತು. ಮಿಕ್ಕ ಬೀಜ ಅಷ್ಟನ್ನೂ ತಂದು ಈ ಟಬ್ಬಿಗೆ ಸುರಿದೆ. ಬರೀ ಬೂದಿಗೆ. ಹಾಳಾಗಿ ಹೋಗ್ಲಿ ಅಂತ. ಎಲ್ಲಾ ಹುಟ್ಟಿದ್ವು. ಬೀಜದೊಳಗೆ ತಾಯಿ ಕಟ್ಟಿಕೊಟ್ಟ ಬುತ್ತಿ ಇರತ್ತಲ್ಲ, ಅದು ಮುಗಿಯೋವರೆಗೆ ಹಸಿರಾಗೇ ಇದ್ವು. ಆಮೇಲೆ ಮಲಗಿದ್ವು. ಒಂದೇ ವಾರದಲ್ಲಿ ಟಬ್ಬಿಗೆ ಟಬ್ಬೇ ಒಣಗಿದ ಕೂದಲ ಥರ ಆಯ್ತು. ಎಸೆಯೋಣ ಅಂತ ಎತ್ತಿದ್ರೆ, ನಡುವೆ ಅಲ್ಲೊಂದು ಇಲ್ಲೊಂದು ನಿಂತಿದ್ವು. ಅವಕ್ಕೇನೂ ಆಗೇ ಇರ್ಲಿಲ್ಲ."

"ಅವು ಬೇಗ ಒಗ್ಗಿಕೊಂಡ್ವು."

"ಇಲ್ಲಾರೀ. ಯಾವಾಗ ಒಗ್ಗಿಕೊಳ್ಳೋದು? ಹುಟ್ಟಿದ ದಿನದಿಂದ ಅವುಗಳ ಬಣ್ಣ ಒಂಚೂರೂ ಬದಲಾಗ್ಲಿಲ್ಲ. ಅವು ಬೀಜದಿಂದಲೇ ಹಾಗೆ ಬಂದಿದ್ವು. ಮಿಕ್ಕವು ಹಾಗೆ ಬಂದಿರ್ಲಿಲ್ಲ. ಅಷ್ಟೆ. ಉಳಿದವು ತೆನೆ ಬಿಟ್ವು. ಆ ಬೀಜ ಮತ್ತೆ ಬರೀ ಬೂದಿಗೆ ಹಾಕಿದೆ. ಈ ಸಲ ಅರ್ಧಕ್ಕರ್ಧ ನಿಂತವು. ನಿಂತವುಗಳ ಬೀಜ ಮತ್ತೆ ಹಾಕಿದೆ. ಈಗ ನೋಡ್ತಿದೀರಲ್ಲ, ಇವು ಅವುಗಳ ಮೊಮ್ಮಕ್ಕಳು."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನನಗೆ ಖಾತ್ರಿ ಆಗ್ಬೇಕಿತ್ತು."

"ನನ್ನ ಟ್ರೇಗಳು?"

"ನಿಮ್ಮ ಟ್ರೇಲಿ ಗೊಬ್ಬರ ಅವನ್ನ ಕಾಪಾಡ್ತಿತ್ತು. ಗುಡ್ಡಕ್ಕೆ ಹೋದ್ಮೇಲೆ ಗೊಬ್ಬರ ಇಲ್ಲ, ಸತ್ತವು. ಯಾವುದೂ ಏನೂ ಕಲೀಲಿಲ್ಲ. ಅದೋ, ನಲ್ಲಿ ಹತ್ತಿರ ನೋಡಿ."

ನಲ್ಲಿಯ ಬುಡದ ಕಪ್ಪು ಮಣ್ಣಿನಲ್ಲಿ ಹೊಳೆದಂಡೆಯ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಅದರ ನಡುವೆ ಒಂದು ಕುಳ್ಳ ಹುಲ್ಲಿನ ಬುಡ ಮುದುರಿಕೊಂಡು ಕೂತಿತ್ತು.

"ಟಬ್ಬಿಂದ ಕಿತ್ತು ಅಲ್ಲಿ ನೆಟ್ಟಿದ್ದು. ಒಳ್ಳೆ ಮಣ್ಣು, ಬೇಕಾದಷ್ಟು ನೀರು. ಏಳೋದೇ ಇಲ್ಲ ಅದು. ನಿಮ್ಮ ಥರಾನೇ. ನಮ್ಮ ತವರಿಗೆ ಬಂದ್ರೆ ಎರಡನೇ ದಿನಕ್ಕೆ ಮುಖ ಗಂಟು. ಗಾಳಿ ಹೆಚ್ಚು, ನೀರು ಸಪ್ಪೆ, ನಿದ್ದೆ ಬರಲ್ಲ, ಹೊರಡೋಣ ಅಂತ."

ಬೇರೆ ದಿನವಾಗಿದ್ದರೆ ಈ ಮಾತಿಗೆ ಇಬ್ಬರೂ ನಗುತ್ತಿದ್ದರೋ ಏನೋ. ಆದರೆ ತವರು ಅನ್ನುವ ಮಾತು ಬಹಳ ಕಾಲದಿಂದ ಅವಳ ಬಾಯಲ್ಲಿ ಬಂದಿರಲಿಲ್ಲ.

ಅವರಿಗೆ ಒಬ್ಬಳು ಮಗಳಿದ್ದಳು. ಪುಟ್ಟಿ. ಗೋಡೆ ಹಿಡಿದು ನಡೆಯಲು ಕಲಿತಿದ್ದಳು. ನಡೆದಲ್ಲೆಲ್ಲ ಕಿಟಕಿಯ ಅಂಚಿನ ಧೂಳಿಗೆ ಬೆರಳು ಒತ್ತಿ, ಬೆರಳನ್ನು ಬಾಯಿಗಿಟ್ಟುಕೊಳ್ಳುತ್ತಿದ್ದಳು. ಮೊದಲು ಹೊಟ್ಟೆನೋವು ಬಂತು. ಮುಖ ಬಿಳಿಚಿಕೊಂಡಿತು. ಡಾಕ್ಟರು ನೋಡಿ, ಈ ಧೂಳು ಈ ಮಗುವಿಗೆ ಆಗುವುದಿಲ್ಲ, ಮನೆ ಬದಲಾಯಿಸಿ ಅಂದರು. ಆಗಿನ್ನೂ ಕಾರ್ಖಾನೆ ನಡೆಯುತ್ತಿತ್ತು. ಸಾಹೇಬರು ಹೊಳೆಯಾಚೆ ಒಂದು ಮನೆ ಕೊಡುತ್ತೇವೆ ಅಂತಲೂ ಹೇಳಿದ್ದರು. ಇವನು ಒಪ್ಪಲಿಲ್ಲ. "ನಾನು ಇದೇ ಧೂಳಲ್ಲಿ ಹುಟ್ಟಿ ಇದೇ ಧೂಳು ತಿಂದು ಬೆಳೆದಿಲ್ವಾ? ಸತ್ತಿದೀನಾ? ಒಗ್ಗಿಕೊಳ್ತಾಳೆ ಬಿಡು" ಅಂದ. ಅವಳು ಮಾತು ಕೇಳದೆ ಮಗುವನ್ನು ಎತ್ತಿಕೊಂಡು ತವರಿಗೆ ಹೋದಳು. ಅಲ್ಲಿ ಮಗುವಿನ ಕೆನ್ನೆ ಕೆಂಪೇರಿತು. ಕೆಲವು ತಿಂಗಳಾದ ಮೇಲೆ ಇವನು ಹೋಗಿ, ಅತ್ತೆ ಮಾವನ ಮುಂದೆ ಕೂಗಾಡಿ, ಇಬ್ಬರನ್ನೂ ಕರೆದುಕೊಂಡು ಬಂದ. ಬಂದ ಮೇಲೆ ಮಗು ಮತ್ತೆ ಮಲಗಿತು. ಕೊನೆಗೆ ಸೆಳವು ಬಂತು. ಏಳಲಿಲ್ಲ.

ಮಣ್ಣು ಮಾಡಿ ಬಂದ ದಿನ, ಅಂಗಳದಲ್ಲಿ ಕೂತ ಜನರ ಮುಂದೆ ಅವನು ಹೇಳಿದ: "ಇಲ್ಲೇ ಇದ್ದಿದ್ರೆ ಒಗ್ಗಿಕೊಂಡಿರ್ತಿತ್ತು. ತವರಿಗೆ ಕರ್ಕೊಂಡು ಹೋಗಿ ಅಭ್ಯಾಸ ತಪ್ಪಿಸಿದ್ಲು. ತಿರುಗಿ ಬಂದಾಗ ಮಗು ಮೈ ತಡೀಲಿಲ್ಲ."

ಜನ ಹೌದೌದು ಅಂತ ತಲೆಯಾಡಿಸಿದರು. ಹೆಂಡತಿ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಳು. ಕೇಳಿಸಿಕೊಂಡದ್ದಷ್ಟೇ ಅಲ್ಲ, ನಂಬಿದಳು. ಆಮೇಲೆ ಅವಳು ತವರಿಗೆ ಹೋಗಲೇ ಇಲ್ಲ. ತಾಯಿ ಹಾಸಿಗೆ ಹಿಡಿದಾಗಲೂ ಹೋಗಲಿಲ್ಲ, ಕಣ್ಣು ಮುಚ್ಚಿದಾಗಲೂ ಹೋಗಲಿಲ್ಲ. ಆ ಊರಿನ ಗಾಳಿ ಕುಡಿಯುವ ಯೋಗ್ಯತೆ ತನಗಿಲ್ಲ ಅಂದುಕೊಂಡಿದ್ದಳು. ಅವನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದ ದಿನವೂ ಅದನ್ನೇ ಆಡಿದ್ದ.

"ರೀ," ಅಂದಳು ಅವಳು. "ನಿಮ್ಮಮ್ಮ ಎಷ್ಟು ಹೆತ್ರು?"

"ಅದೆಲ್ಲ ಯಾಕೀಗ?"

"ಹೇಳಿ."

"ನೆನಪಿಲ್ಲ."

"ನನಗೆ ನೆನಪಿದೆ. ತಲೆ ಬಾಚ್ತಾ ಬಾಚ್ತಾ ನನಗೆ ಒಂದೊಂದರ ಹೆಸರೂ ಹೇಳಿದಾರೆ. ನಿಮಗಿಂತ ಮುಂಚೆ ಹುಟ್ಟಿದವು, ಆಮೇಲೆ ಹುಟ್ಟಿದವು. ಇದೇ ಮನೇಲಿ, ಇದೇ ಧೂಳಲ್ಲಿ. ಒಂದಕ್ಕೂ ಹಾಲುಹಲ್ಲು ಬೀಳ್ಲಿಲ್ಲ. ಅವೆಲ್ಲ ಯಾಕೆ ಒಗ್ಗಿಕೊಳ್ಳಲಿಲ್ಲ? ಅವನ್ನ ಯಾರು ತವರಿಗೆ ಕರ್ಕೊಂಡು ಹೋಗಿದ್ರು?"

ಅವನಿಗೆ ತೊಟ್ಟಿಲು ನೆನಪಾಯಿತು. ಅವನು ಚಿಕ್ಕವನಿದ್ದಾಗ ನಡುಮನೆಯ ತೊಲೆಗೆ ಕಟ್ಟಿದ್ದ ತೊಟ್ಟಿಲನ್ನು ಯಾರೂ ಬಿಚ್ಚುತ್ತಿರಲಿಲ್ಲ. ಅದರೊಳಗಿನ ಮಗು ಮಾತ್ರ ಬೇರೆ ಬೇರೆ. ಒಂದನ್ನು ಅವನೇ ತೂಗಿದ್ದ, ಹಗ್ಗ ಕಾಲಿಗೆ ಕಟ್ಟಿಕೊಂಡು ಗೋಲಿ ಆಡುತ್ತಾ. ಆ ಮಗುವಿಗೆ ಗುಂಗುರು ಕೂದಲಿತ್ತು. ಅದು ಎಲ್ಲಿ ಹೋಯಿತು ಅಂತ ಅವನು ಒಂದು ಸಲವೂ ಕೇಳಿಕೊಂಡಿರಲಿಲ್ಲ. ನಾನು ಗಟ್ಟಿ, ನಾನು ಧೂಳು ಜಯಿಸಿದವನು ಅಂತ ಎದೆ ತಟ್ಟಿಕೊಂಡು ಬದುಕಿದ್ದ. ಜಯಿಸಿದ್ದು ಏನೂ ಇರಲಿಲ್ಲ. ಟಬ್ಬಿನ ನಡುವೆ ಅಲ್ಲೊಂದು ಇಲ್ಲೊಂದು ನಿಂತ ಎಳೆಗಳಲ್ಲಿ ಅವನೂ ಒಂದು. ಸುತ್ತ ಮಲಗಿದ್ದನ್ನು ನೋಡದೆ, ನಿಂತದ್ದನ್ನೇ ಸಾಧನೆ ಅಂದುಕೊಂಡಿದ್ದ.

ಇದೆಲ್ಲ ಅವನಿಗೆ ಅರ್ಥವಾಯಿತು. ದಡ್ಡನೇನಲ್ಲ. ಅರ್ಥವಾದದ್ದೇ ತೊಂದರೆ.

"ನಾನು ನಿಮ್ಮನ್ನ ಬೈಯಲ್ಲ" ಅಂದಳು ಅವಳು. "ಆಗ ನಿಮಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ. ನನಗೆ ಬೇರೆ ಏನೂ ಬೇಡ. ಒಂದೇ ಒಂದು ಸಲ, ನಿಮ್ಮ ಬಾಯಲ್ಲಿ ಹೇಳಿ. ಪುಟ್ಟಿ ನನ್ನಿಂದ ಸಾಯ್ಲಿಲ್ಲ ಅಂತ."

ಗೋಡೆಯಾಚೆಯಿಂದ ಕೆಮ್ಮು ಕೇಳಿಸಿತು. ಪಕ್ಕದ ಮನೆಯ ಸೈರನ್ ಅಜ್ಜ. ಕಾರ್ಖಾನೆಯಲ್ಲಿ ಪಾಳಿ ಬದಲಾಗುವಾಗ ಸೈರನ್ ಊದುತ್ತಿದ್ದವನು. "ಏನಪ್ಪಾ ಅಳಿಯ, ಬೆಳಿಗ್ಗೆ ಬೆಳಿಗ್ಗೆ ಯುದ್ಧ? ನಾನು ಸೈರನ್ ಊದ್ಲಾ?" ಅಂದ.

"ನೀನು ಮುಚ್ಕೊಂಡು ಒಳಗೆ ಹೋಗಜ್ಜಾ!"

"ಹೋದೆ ಹೋದೆ."

ಅವಳು ಅತ್ತ ತಿರುಗಿಯೂ ನೋಡಲಿಲ್ಲ. ಗಂಡನ ಬಾಯನ್ನೇ ನೋಡುತ್ತಿದ್ದಳು. ಬಾಯಾರಿದವಳು ಕೊಡದ ಬಾಯಿ ನೋಡುವ ಹಾಗೆ.

ಹೇಳಿಬಿಡಬಹುದಿತ್ತು. ಮೂರು ಪದ. ಆದರೆ ಅದನ್ನು ಹೇಳಿದ ಮೇಲೆ ಆ ಮಗುವಿನ ಸಾವು ಎಲ್ಲಾದರೂ ಇಳಿಯಬೇಕಲ್ಲ? ಇಷ್ಟು ವರ್ಷ ಅದು ಅವಳ ತಲೆಯ ಮೇಲಿತ್ತು. ಅಲ್ಲಿಂದ ಎತ್ತಿದರೆ ಕೂರಿಸಲು ಬೇರೆ ಜಾಗವಿರಲಿಲ್ಲ, ತನ್ನ ತಲೆಯೊಂದನ್ನು ಬಿಟ್ಟು. ಹೊಳೆಯಾಚೆಯ ಮನೆ ಬೇಡ ಅಂದ ನಾಲಿಗೆ ಇದೇ. ತವರಿನ ಅಂಗಳದಲ್ಲಿ ಕೆಂಪು ಕೆನ್ನೆಯ ಮಗುವನ್ನು ಅಜ್ಜಿಯ ಸೊಂಟದಿಂದ ಕಿತ್ತುಕೊಂಡ ಕೈ ಇದೇ. ಕಿತ್ತುಕೊಳ್ಳುವಾಗ ಪುಟ್ಟಿ ಅಪ್ಪ ಬಂದ ಅಂತ ನಕ್ಕಿದ್ದಳು.

"ಹುಲ್ಲು ಬೇರೆ," ಅಂದ. "ಮಗು ಬೇರೆ."



"ಇವತ್ತು ಬೇರೆ ಆಯ್ತಾ?" ಅಂದಳು. "ಟ್ರೇ ಹಿಡ್ಕೊಂಡು ಬೀದಿಗೆಲ್ಲ ಸಾರಿದ್ರಲ್ಲ, ಮಕ್ಕಳನ್ನ ಒಗ್ಗಿಸಿದ ಹಾಗೆ ಅಂತ. ಪ್ರತಿ ಸಲ ಒಂದು ಹಿಡಿ ಬೂದಿ ಬೆರೆಸುವಾಗಲೂ ನನ್ನ ಮುಖ ನೋಡಿ ಹೇಳ್ತಿದ್ರಲ್ಲ. ನಾನು ಪಕ್ಕದಲ್ಲಿ ಕೂತು ಮಣ್ಣು ಕಲಸ್ತಿದ್ದೆ. ಆಗ ಹುಲ್ಲೂ ಮಗೂ ಒಂದೇ ಆಗಿತ್ತು. ಈಗ ಹುಲ್ಲು ನನ್ನ ಪರ ಸಾಕ್ಷಿ ಹೇಳಿದ ತಕ್ಷಣ ಬೇರೆ ಆಗ್ಹೋಯ್ತಾ?"

"ನಾಲಿಗೆ ಬಿಗಿ ಹಿಡಿದು ಮಾತಾಡು!"

"ಹೇಳ್ತೀರೋ ಇಲ್ವೋ?"

"ನನ್ನನ್ನ ಕೊಲೆಗಾರ ಮಾಡ್ಬೇಕು ಅಂತಲೇ ಬೆಳೆಸಿದೀಯಾ ಇದನ್ನ! ಬಚ್ಚಲ ಹಿಂದೆ ಕದ್ದು ಮುಚ್ಚಿ! ವರ್ಷಗಟ್ಟಲೆ!"

ಅಂದವನೇ ಟಬ್ಬಿಗೆ ಒದ್ದ. ಬಿಸಿಲಿಗೆ ಪೆಡಸಾದ ಪ್ಲಾಸ್ಟಿಕ್ಕು ಲಟಕ್ಕನೆ ಸೀಳಿತು. ಬೂದಿ ಹೊರಗೆ ಸುರಿದು ಅವನ ಪಾದದ ಮೇಲೆ ಹರಡಿತು. ಹುಲ್ಲು ಬಿಳಿಯ ಬೇರು ತೋರಿಸುತ್ತಾ ಮಗುಚಿಕೊಂಡಿತು. ಅವನು ಇನ್ನೊಂದು ಸಲ ಒದ್ದ. ಒದೆಯುವಾಗಲೇ ಅವನಿಗೆ ಗೊತ್ತಿತ್ತು, ಗುಡ್ಡದ ಮೇಲೆ ನಿಲ್ಲಬಲ್ಲ ಹುಲ್ಲು ಇಡೀ ಲೋಕದಲ್ಲಿ ಅವನ ಪಾಲಿಗೆ ಇದೊಂದೇ ಅಂತ. ಆದರೂ ಕಾಲು ನಿಲ್ಲಲಿಲ್ಲ.

ಅವಳು ಅಳುತ್ತಾಳೆ ಅಂದುಕೊಂಡಿದ್ದ. ಇಲ್ಲದಿದ್ದರೆ ಬಾಗಿ ಹುಲ್ಲಿನ ಬುಡಗಳನ್ನು ಒಟ್ಟುಮಾಡುತ್ತಾಳೆ, ಮಾಡುತ್ತಾ ಶಪಿಸುತ್ತಾಳೆ, ಆಮೇಲೆ ಒಳಗೆ ಹೋಗಿ ಪಾತ್ರೆ ಕುಕ್ಕುತ್ತಾಳೆ. ಪಾತ್ರೆಯ ಸದ್ದು ಕೇಳಿದರೆ ಅವನಿಗೆ ಸಮಾಧಾನ. ಕುಕ್ಕುವವಳು ಮನೆ ಬಿಟ್ಟು ಹೋಗುವವಳಲ್ಲ.

ಅವಳು ಬಾಗಲಿಲ್ಲ. ಮಗುಚಿದ ಹುಲ್ಲನ್ನು ಒಂದು ಸಲ ನೋಡಿದಳು, ಬೇರೆ ಯಾರದ್ದೋ ಅಂಗಳದ ಕಸ ನೋಡುವ ಹಾಗೆ. ಎದ್ದು ನಲ್ಲಿಯ ಹತ್ತಿರ ಕೈ ತೊಳೆದಳು. ಉಗುರಿನ ಸಂದಿಯ ಬೂದಿ ಹೋಗುವವರೆಗೆ ತೊಳೆದಳು. ಒಳಗೆ ಹೋದಳು. ಪಾತ್ರೆಯ ಸದ್ದಾಗಲಿಲ್ಲ. ಬೀರುವಿನ ಬಾಗಿಲು ಕಿರ್ರೆಂದಿತು.

ಅವನು ಅಂಗಳಕ್ಕೆ ಬಂದು ಖಾಲಿ ಟ್ರೇಗಳನ್ನು ಒಂದರ ಮೇಲೊಂದು ಪೇರಿಸತೊಡಗಿದ. ಪೇರಿಸುವ ಅಗತ್ಯವೇನೂ ಇರಲಿಲ್ಲ. ಆದಷ್ಟು ಸದ್ದು ಮಾಡುತ್ತಾ ಪೇರಿಸಿದ.

ಅವಳು ಹೊರಗೆ ಬಂದಾಗ ಹೊಸ ಬಟ್ಟೆಯುಟ್ಟಿದ್ದಳು. ತಲೆ ಬಾಚಿದ್ದಳು. ಕೈಯಲ್ಲಿ ಒಂದು ಚೀಲ ಇತ್ತು, ಅಂಥ ದೊಡ್ಡದೇನಲ್ಲ.

"ಒಲೆ ಆರಿಸಿದೀನಿ" ಅಂದಳು. "ಹಾಲು ಕಾಯಿಸಿಲ್ಲ. ನೋಡ್ಕೊಳ್ಳಿ."

"ಎಲ್ಲಿಗೆ?"

"ನಮ್ಮೂರಿಗೆ."

ಅವಳ ಊರಿನ ಹೆಸರು ಅವಳ ಬಾಯಲ್ಲಿ 'ನಮ್ಮೂರು' ಅಂತ ಬಂದು ಎಷ್ಟು ಕಾಲವಾಗಿತ್ತೋ. ತಡೆಯಬೇಕು ಅನಿಸಿತು. ತಡೆಯುವ ಮಾತು ಯಾವುದು ಅಂತ ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ಅದಕ್ಕಾಗಿ ಒಂದು ಕ್ಷಣ ನಿಂತಳು ಕೂಡ.

"ನಾಳೆ ಮೇಡಂ ಬರ್ತಾರೆ" ಅಂದ ಅವನು. "ಬೇಗ ಬಂದ್ಬಿಡು."

ಅವಳು ತಲೆಯಾಡಿಸಿದಳು. ಹೂಂ ಅಂತಲೋ ಉಹೂಂ ಅಂತಲೋ ಹೇಳಲಾಗದ ಹಾಗೆ. ಚಪ್ಪಲಿ ಮೆಟ್ಟಿ, ಗೇಟಿನ ಚಿಲಕ ತೆಗೆದು, ಹೊರಗೆ ಹೋಗಿ, ಚಿಲಕ ಮತ್ತೆ ಹಾಕಿದಳು.

ಅವನು ಗೇಟಿನವರೆಗೆ ಬಂದ. ಬೀದಿ ಖಾಲಿಯಿತ್ತು. ಅವಳು ಬಿಸಿಲಿನಲ್ಲಿ, ನಡುಬೀದಿಯಲ್ಲಿ, ಅವಸರವಿಲ್ಲದೆ ನಡೆಯುತ್ತಿದ್ದಳು. ಮಾತು ಗಂಟಲಿಗೆ ಬಂತು. ನಿಜವಾಗಿಯೂ ಬಂತು. ಆ ಬೀದಿಯಲ್ಲಿ ಅವನು ಕೂಗದ ಮಾತಿರಲಿಲ್ಲ. ಹೆಂಡತಿಗೆ, ನೆರೆಯವರಿಗೆ, ದನಕ್ಕೆ, ನಗರಸಭೆಗೆ, ಎಲ್ಲರಿಗೂ ಕೂಗಿದ್ದ. ಗೇಟನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ತುಂಬಿಕೊಂಡು ಕೂಗಿದ:

"ಕೊಡೆ ತಗೊಂಡು ಹೋಗೇ! ಬಿಸಿಲಿದೆ!"

ಅವಳು ನಡೆಯುತ್ತಲೇ ಇದ್ದಳು. ತಿರುವಿನಲ್ಲಿ ಒಂದು ತಳ್ಳುಗಾಡಿ ಅಡ್ಡ ಬಂತು. ಅದು ದಾಟಲಿ ಅಂತ ನಿಂತಳು. ಆಮೇಲೆ ತಿರುವು ದಾಟಿ ಮರೆಯಾದಳು. ಮತ್ತೆ ಬರಲಿಲ್ಲ.